ಕಡಿಯುವವರ ಕೈ, ಕಾಲು, ನಿದ್ದೆ: ಸಣ್ಣ ಅರವುಶಾಲೆ (ಕಸಾಯಿಖಾನೆ), ಮಾಂಸದಂಗಡಿಗಳಿಗೊಂದು ಕೈಪಿಡಿ

ಪಂಚಾಯತಿನ ಲೈಸೆನ್ಸು, ಪಶುವೈದ್ಯರ ಮುದ್ರೆ, ಆಹಾರ ಸುರಕ್ಷೆಯ ನೋಂದಣಿ, ಕೇರಳದಲ್ಲಿ 2023ರಿಂದ ಕಡ್ಡಾಯವಾದ ಹೆಲ್ತ್ ಕಾರ್ಡು: ಇವೆಲ್ಲವೂ ಮುಖ್ಯವಾಗಿ ತಿನ್ನುವವನನ್ನು ಕಾಯಲು ಇರುವಂಥವು. ಕಡಿಯುವವನ ಕೈಬೆರಳು ಜೋಮು ಹಿಡಿಯುತ್ತಿದೆಯೇ, ಜ್ವರ ಎಷ್ಟು ದಿನದಿಂದ, ರಾತ್ರಿ ಕಣ್ಣು ಮುಚ್ಚುತ್ತದೆಯೇ ಎಂದು ಕೇಳುವ ಕಾಲಂ ಆ ರಿಜಿಸ್ಟರುಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ, ಒಳಗೆ ಬದಿಯಡ್ಕದ ಕಡೆಗೆ ಹೋದರೆ ಇಬ್ಬರು ಮೂವರು ಸೇರಿ ನಡೆಸುವ ಅಂಗಡಿಗಳೇ ಕಾಣುತ್ತವೆ. ಅಲ್ಲಿ ಸುರಕ್ಷಾ ಅಧಿಕಾರಿ ಎಂದು ಬೇರೆ ಯಾರೂ ಇರುವುದಿಲ್ಲ. ಯಜಮಾನ, ಅಥವಾ ಇರುವವರಲ್ಲಿ ಹಿರಿಯ ಕೆಲಸಗಾರ, ಅವನೇ ಅಧಿಕಾರಿ. ಕೆಳಗಿನದು ಅವರಿಬ್ಬರಿಗಾಗಿ.

ಶುರು ಮಾಡುವುದಾದರೆ ಭಾನುವಾರ ಬೆಳಿಗ್ಗೆಯಿಂದ ಶುರು ಮಾಡಿ. ಗಿರಾಕಿಗಳ ಸಾಲು ಉದ್ದವಾದಷ್ಟೂ ಚೂರಿ ಮಸೆಯುವುದು ನಿಲ್ಲುತ್ತದೆ, ನೆಲ ತೊಳೆಯುವುದು ನಿಲ್ಲುತ್ತದೆ, ನೀರು ಕುಡಿಯುವುದು ನಿಲ್ಲುತ್ತದೆ. ವಾರವಿಡೀ ಪಾಲಿಸಿದ ಶಿಸ್ತು ಎರಡು ಗಂಟೆಯಲ್ಲಿ ಕರಗುವುದು ಆಗಲೇ. ಆ ಎರಡು ಗಂಟೆಗೆ ಒಬ್ಬ ಹೆಚ್ಚಿನ ಆಳು ಬೇಕು. ಅವನು ಕಡಿಯುವುದು ಬೇಡ. ತೂಕ, ಹಣ, ಚೀಲ, ನೆಲಕ್ಕೆ ನೀರು ಇಷ್ಟನ್ನು ನೋಡಿಕೊಂಡರೆ ಸಾಕು. ಒಂದು ಕೈಯಲ್ಲಿ ಚೂರಿ, ಇನ್ನೊಂದರಲ್ಲಿ ಚಿಲ್ಲರೆ ಹಿಡಿದವನೇ ಬೆರಳು ಕೊಯ್ದುಕೊಳ್ಳುವುದು.

ಮೊದಲು ಚೂರಿ

ಮೊಂಡು ಚೂರಿ ಹರಿತದ ಚೂರಿಗಿಂತ ಅಪಾಯ. ಹರಿತ ಇಲ್ಲದಾಗ ಬಲ ಹಾಕಬೇಕಾಗುತ್ತದೆ. ಬಲ ಹಾಕಿದ ಕೈ ಎಲುಬಿನ ಅಂಚಿನಲ್ಲಿ ಜಾರಿದರೆ ನಡುವೆ ನಿಲ್ಲುವುದಿಲ್ಲ, ಎಡಗೈಗೋ ತೊಡೆಗೋ ಬಂದೇ ನಿಲ್ಲುತ್ತದೆ. ಗಾಯವಾಗದೆ ಪಾರಾದರೂ ವರ್ಷಗಟ್ಟಲೆ ಹಾಕಿದ ಬಲ ಮಣಿಗಂಟಿನಲ್ಲಿ ಕೂರುತ್ತದೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ಕೈ ಕೊಡವಿದರೆ ಸರಿಯಾಗುತ್ತಿದ್ದರೆ ಅದು ಮಣಿಗಂಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆಯ ಲಕ್ಷಣ. ಹೆಬ್ಬೆರಳ ಬುಡದ ಮಾಂಸ ಬಡವಾಗುವ ಮೊದಲು ಡಾಕ್ಟರನ್ನು ಕಂಡರೆ ಕೈ ಉಳಿಯುತ್ತದೆ. ಬಡವಾದ ಮೇಲೆ ಹಿಡಿತ ಪೂರ್ತಿ ಮರಳುವುದು ಕಷ್ಟ.

ಮಸೆಯುವ ಕ್ರಮ ಹೀಗೆ. ಕಲ್ಲನ್ನು ಒದ್ದೆ ಬಟ್ಟೆಯ ಮೇಲಿಡಿ, ಜಾರುವುದಿಲ್ಲ. ಅಲಗು ಕಲ್ಲಿಗೆ ಸುಮಾರು 20 ಡಿಗ್ರಿ ವಾಲಿರಬೇಕು. ಕಣ್ಣಂದಾಜಿಗೆ ಸಿಗುವಂತೆ ಹೇಳುವುದಾದರೆ, 4 ಸೆಂ.ಮೀ. ಅಗಲದ ಚೂರಿಯ ಬೆನ್ನು ಕಲ್ಲಿನಿಂದ 1.4 ಸೆಂ.ಮೀ. ಮೇಲಿರಬೇಕು, ಎಲುಬು ಬಿಡಿಸುವ 2 ಸೆಂ.ಮೀ. ಅಗಲದ ಸಣ್ಣ ಚೂರಿಯಾದರೆ 0.7 ಸೆಂ.ಮೀ. ಒಂದು ಬದಿಯನ್ನು ಉಜ್ಜುತ್ತಾ ಹೋದರೆ ಇನ್ನೊಂದು ಬದಿಯ ಅಂಚಿಗೆ ಸಣ್ಣ ಮಡಿಕೆ ಬರುತ್ತದೆ, ಬೆರಳನ್ನು ಅಡ್ಡಕ್ಕೆ ಸವರಿದರೆ ಗೊರಗೊರ ಅನಿಸುತ್ತದೆ. ಅದು ಬುಡದಿಂದ ತುದಿಯವರೆಗೆ ಸಿಕ್ಕಿದ ಮೇಲೆಯೇ ತಿರುವಿ. ನಡುವೆಯೇ ತಿರುವುವವರ ಚೂರಿ ಎಷ್ಟು ಮಸೆದರೂ ಹರಿತವಾಗುವುದಿಲ್ಲ. ಕಲ್ಲಿನ ದೋಷ ಎನ್ನುತ್ತಾರೆ. ಕೊನೆಗೆ ಮಸೆಗೋಲಿನಲ್ಲಿ ಎರಡೂ ಬದಿಗೆ ನಾಲ್ಕೈದು ಸಲ, ಹಗುರವಾಗಿ. ಪತ್ರಿಕೆಯ ಹಾಳೆಯನ್ನು ಎಳೆಯದೆ ಸೀಳಿದರೆ ಸಾಕು.

ಕೆಲಸದ ನಡುವೆ ಕಲ್ಲು ಬೇಡ, ಕೋಲು ಸಾಕು: ಪ್ರತಿ ಆಡು ಮುಗಿದಾಗೊಮ್ಮೆ. ರಸ್ತೆಬದಿ ಚಕ್ರದಲ್ಲಿ ಸಾಣೆ ಹಿಡಿಸುವಾಗ ಅಂಚು ನೀಲಿಗಟ್ಟಿದರೆ ಆ ಭಾಗದ ಉಕ್ಕು ಕಾಯ್ದು ಮೆತ್ತಗಾಗಿದೆ ಎಂದರ್ಥ. ಬೆಳಿಗ್ಗೆ ಹರಿತ, ಮಧ್ಯಾಹ್ನಕ್ಕೆ ಮೊಂಡು. ಹಿಡಿ ಸಡಿಲವಾದ ಚೂರಿ, ಬಿರುಕು ಬಿಟ್ಟ ಮರದ ಹಿಡಿಯ ಚೂರಿ ಎಸೆಯಬೇಕಾದ್ದು. ಬಟ್ಟೆ ಸುತ್ತಿ ಬಳಸುವುದು ಉಳಿತಾಯವಲ್ಲ. ಬೀಳುವ ಚೂರಿಯನ್ನು ಹಿಡಿಯಲು ಹೋಗಬಾರದು, ಕಾಲು ಹಿಂದೆ ತೆಗೆದು ಬೀಳಲು ಬಿಡಬೇಕು. ಹೊಸಬನಿಗೆ ಮೊದಲ ದಿನವೇ ಕಲಿಸಬೇಕಾದ ಪಾಠ ಇದು.

ಚೂರಿ ಹಿಡಿಯದ ಕೈಗೆ ಉಕ್ಕಿನ ಬಲೆಯ ಕೈಗವಸು. ಬೆಲೆ ಹೆಚ್ಚು, ಆದರೆ ತೊಳೆದು ಕುದಿಸಿ ವರ್ಷಗಟ್ಟಲೆ ಬಳಸಬಹುದು. ಅದು ಕೊಯ್ತವನ್ನು ತಡೆಯುತ್ತದೆ. ಮಚ್ಚಿನ ಏಟನ್ನು ತಡೆಯುವುದಿಲ್ಲ, ಸೂಜಿಯಂಥ ಚೂರಿತುದಿಯನ್ನೂ ಪೂರ್ತಿ ತಡೆಯುವುದಿಲ್ಲ. ಎಲುಬು ಕೊಯ್ಯುವ ಗರಗಸದ ಯಂತ್ರದ ಬಳಿ ಮಾತ್ರ ಅದನ್ನು ಬಿಚ್ಚಿಡಲೇಬೇಕು. ಬಲೆಯ ಒಂದು ಕೊಂಡಿ ಹಲ್ಲಿಗೆ ಸಿಕ್ಕಿದರೆ ಯಂತ್ರ ಇಡೀ ಕೈಯನ್ನೇ ಎಳೆದುಕೊಳ್ಳುತ್ತದೆ. ಎಲುಬು ಬಿಡಿಸುವಾಗ ಚೂರಿಯನ್ನು ತನ್ನ ಕಡೆಗೆ ಎಳೆಯುವ ಪದ್ಧತಿ ನಮ್ಮಲ್ಲಿ ಹೆಚ್ಚು. ಜಾರಿದರೆ ತೊಡೆಸಂದಿಯ ದೊಡ್ಡ ರಕ್ತನಾಳಕ್ಕೆ ಬೀಳುತ್ತದೆ, ಅಲ್ಲಿಂದ ಪ್ರಾಣ ಹೋಗಲು ಕೆಲವೇ ನಿಮಿಷ ಸಾಕು. ಮುಂಡು, ತೆಳು ಪ್ಲಾಸ್ಟಿಕ್ ಏಪ್ರನ್ ಅದಕ್ಕೆ ಅಡ್ಡ ಬರುವುದಿಲ್ಲ. ಮೊಣಕಾಲು ಮುಟ್ಟುವ ದಪ್ಪ ಏಪ್ರನ್ ಬೇಕು.

ಕೊರಡಿನ ಎತ್ತರ

ಹುಣಸೆ ಕೊರಡು ಎಷ್ಟು ಎತ್ತರ ಇರಬೇಕೆಂದು ಬಡಗಿಯನ್ನು ಕೇಳಬೇಡಿ, ಕಡಿಯುವವನ ಮೊಣಕೈಯನ್ನು ಕೇಳಿ. ನೆಟ್ಟಗೆ ನಿಂತು ಮೊಣಕೈ ಮಡಚಿದಾಗ, ಮಚ್ಚಿನ ಕೆಲಸಕ್ಕೆ ಕೊರಡು ಅದಕ್ಕಿಂತ 15–20 ಸೆಂ.ಮೀ. ಕೆಳಗೆ, ಚೂರಿಯ ನಯದ ಕೆಲಸಕ್ಕೆ ಮೇಜು 10 ಸೆಂ.ಮೀ. ಕೆಳಗೆ. ಎತ್ತರದವನಿಗೆ ಸರಿಹೋಗುವಂತೆ ಕೊರಡು ಇಟ್ಟು, ಗಿಡ್ಡವನಿಗೆ ನಿಲ್ಲಲು ಅಲುಗದ ಮರದ ಮಣೆ ಕೊಡುವುದು ಸುಲಭ. ಕೊರಡಿನ ನಡುವೆ ಗುಳಿ ಬಿದ್ದರೆ ಎಲುಬು ಕೂರುವುದಿಲ್ಲ, ಏಟು ವಾಲಿ ಚೂರು ಕಣ್ಣಿಗೆ ಹಾರುತ್ತದೆ. ಗುಳಿ ಬೆರಳಷ್ಟು ಆಳವಾಗುವ ಮೊದಲೇ ಮೇಲ್ಮೈ ಹೆರೆಸಿ. ಎಲುಬು ಕಡಿಯುವವನಿಗೆ ಸಾದಾ ಪಾರದರ್ಶಕ ಕನ್ನಡಕ ಕೊಡಿ.

ಗಂಟೆಗೊಮ್ಮೆ ಕೆಲಸ ಬದಲಾಯಿಸಿಕೊಳ್ಳಿ: ಕಡಿಯುವವನು ತೂಗಲಿ, ತೂಗುವವನು ಸುಲಿಯಲಿ. ಎಮ್ಮೆಯ ಕಾಲುಭಾಗವನ್ನು ಒಬ್ಬನೇ ಹೆಗಲ ಮೇಲೆ ಹೊರುವುದನ್ನು ಗಂಡಸುತನ ಎಂದು ಹೊಗಳುವುದು ಬಿಡಬೇಕು. ಮಾಡಿಗೆ ಗಟ್ಟಿ ತೊಲೆಯೊಂದಿದ್ದರೆ ಸರಪಳಿ ರಾಟೆ ತೂಗುಹಾಕಿ. ಬೆನ್ನುಮೂಳೆಯ ಚಿಕಿತ್ಸೆಗಿಂತ ಅಗ್ಗ.

ಕೋಳಿ ಅಂಗಡಿಗೆ ಬೇರೆ ಮಾತು

ಕೋಳಿಯನ್ನು ತಲೆಕೆಳಗಾಗಿ ಕೊಳವೆಯಾಕಾರದ ಕೋನ್‌ನಲ್ಲಿ ಇಳಿಸಿದರೆ ರೆಕ್ಕೆ ಬಡಿಯಲಾಗುವುದಿಲ್ಲ. ಗೀರು ಕಡಿಮೆ, ಹಿಕ್ಕೆಯ ಧೂಳು ಮೂಗಿಗೆ ಬರುವುದು ಕಡಿಮೆ, ಕೋಳಿಗೂ ನರಳಾಟ ಕಡಿಮೆ. ಅದ್ದುವ ನೀರು 58–60 ಡಿಗ್ರಿ, ಒಂದರಿಂದ ಒಂದೂವರೆ ನಿಮಿಷ. ಬೇಗ ಆಗಲಿ ಎಂದು ನೀರು ಕುದಿಸುತ್ತಾರೆ. ಚರ್ಮ ಬೆಂದು ಹರಿಯುತ್ತದೆ, ಕೆಲಸವೂ ಕೆಡುತ್ತದೆ. 60 ಡಿಗ್ರಿ ನೀರೇ ಮನುಷ್ಯನ ಚರ್ಮವನ್ನು ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ. ಪೇಸ್ಟು, ಎಣ್ಣೆ, ಐಸು ಯಾವುದೂ ಬೇಡ.

ಗರಿ ಕೀಳುವ ಯಂತ್ರದ ನಿಜವಾದ ಅಪಾಯ ವಿದ್ಯುತ್ತು. ಒದ್ದೆ ನೆಲ, ಒದ್ದೆ ಕೈ, ಬರಿಗಾಲು, ಟೇಪು ಸುತ್ತಿದ ವಯರು ಒಂದೇ ಕಡೆ ಸೇರಿದ ಜಾಗ ಅದು. ಅರ್ಥಿಂಗ್ ಸರಿಯಿರಬೇಕು, ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇರಬೇಕು. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಟ್ರಿಪ್ ಆಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಹೆಗಲಿನ ಬೈರಾಸು ತೆಗೆದಿಟ್ಟೇ ಯಂತ್ರದ ಬಳಿ ಹೋಗಬೇಕು.

ನೆಲ ಮತ್ತು ಬ್ಲೀಚಿಂಗ್ ಪೌಡರ್

ಕೊಬ್ಬು ಬಿದ್ದ ನೆಲದಲ್ಲಿ ಹವಾಯಿ ಚಪ್ಪಲಿ ಹಾಕುವುದೂ ಬರಿಗಾಲೂ ಒಂದೇ. ಅಚ್ಚುಳ್ಳ ಅಟ್ಟೆಯ ಗಂಬೂಟು ಬೇಕು. ಮೊದಲು ರಕ್ತ, ಕೊಬ್ಬು ತೊಳೆದು ಹೋಗಲಿ, ಆಮೇಲೆ ಬ್ಲೀಚಿಂಗ್. ರಕ್ತದ ಮೇಲೆಯೇ ಸುರಿದರೆ ಕ್ಲೋರಿನ್ ಶಕ್ತಿಯೆಲ್ಲ ರಕ್ತಕ್ಕೇ ಖರ್ಚು. ಹೊಸ ಪೌಡರಿನಲ್ಲಿ ಸುಮಾರು 30 ಶೇಕಡಾ ಕ್ಲೋರಿನ್ ಇರುತ್ತದೆ. 10 ಲೀಟರಿಗೆ 30 ಗ್ರಾಂ ಹಾಕಿದರೆ ನೆಲಕ್ಕೆ ಸಾಕಾಗುವ ಸಾಂದ್ರತೆ, 10 ನಿಮಿಷ ಬಿಟ್ಟು ತೊಳೆಯಿರಿ. ನಮ್ಮ ಕರಾವಳಿಯ ತೇವಕ್ಕೆ ತೆರೆದ ಚೀಲ ಬೇಗ ಸತ್ವ ಕಳೆದುಕೊಳ್ಳುತ್ತದೆ, ಮುಚ್ಚಳದ ಡಬ್ಬಿಯಲ್ಲಿಡಿ. ಆಸಿಡ್ ಜೊತೆ ಎಂದೂ ಬೆರೆಸಬಾರದು, ಏಳುವ ಹೊಗೆ ಶ್ವಾಸಕೋಶವನ್ನೇ ಸುಡುತ್ತದೆ.

ತ್ಯಾಜ್ಯದ ಹೊಂಡಕ್ಕೆ ಯಾರೂ ಇಳಿಯಬಾರದು. ಬಕೆಟು ಬಿತ್ತು, ಪಂಪು ಕಟ್ಟಿಕೊಂಡಿತು, ಏನೇ ಆಗಲಿ. ರಕ್ತ, ಕರುಳು ಕೊಳೆತಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಹೆಚ್ಚಾದಾಗ ಮೂಗೇ ಸತ್ತು ವಾಸನೆ ತಿಳಿಯುವುದಿಲ್ಲ. 'ಈಗ ವಾಸನೆ ಹೋಯಿತು' ಎಂದು ಇಳಿದವನು ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಬಿದ್ದರೆ 101, ಅಗ್ನಿಶಾಮಕ ದಳ.

ಜ್ವರ ಬಂದಾಗ ಮೊದಲು ಹೇಳಬೇಕಾದ ಮಾತು

ಈ ಕೆಲಸದವರ ಜ್ವರ ತಪ್ಪಾಗಿ ಗುರುತಾಗುವುದಕ್ಕೆ ಮುಖ್ಯ ಕಾರಣ, ಕೆಲಸ ಏನೆಂದು ಡಾಕ್ಟರಿಗೆ ಹೇಳದಿರುವುದು. ಕೆಲವರು ನಾಚಿಕೆಯಿಂದ 'ಕೂಲಿ' ಎನ್ನುತ್ತಾರೆ. ಚೀಟಿಯಲ್ಲಿ 'ಕೂಲಿ' ಎಂದು ಬಿದ್ದರೆ ಪರೀಕ್ಷೆಯೂ ಕೂಲಿಯವನದ್ದೇ. ಕನ್ನಡ ಬಾರದ ಡಾಕ್ಟರ್ ಸಿಕ್ಕಿದರೆ ಈ ಒಂದು ವಾಕ್ಯ ಬಾಯಿಪಾಠ ಇರಲಿ: 'ಞಾನ್ ಅರವುಶಾಲಯಿಲ್ ಜೋಲಿ ಚೆಯ್ಯುನ್ನು' (ನಾನು ಕಸಾಯಿಖಾನೆಯಲ್ಲಿ ಕೆಲಸ ಮಾಡುತ್ತೇನೆ). ಬಂಗಾಳ, ಅಸ್ಸಾಮಿನಿಂದ ಬಂದ ಹುಡುಗರಿಗೆ ಇದನ್ನು ಕಾಗದದಲ್ಲಿ ಬರೆದು ಕೊಡಿ, ಮಲಯಾಳ ಲಿಪಿಯಲ್ಲಿ.

ಇಲಿಜ್ವರ, ಮಲಯಾಳದ ಎಲಿಪ್ಪನಿ, ನಮ್ಮ ಜಿಲ್ಲೆಯ ಮಳೆಗಾಲದ ಮುಖ್ಯ ಶತ್ರು. ಇಲಿ, ದನ, ಹಂದಿಗಳ ಮೂತ್ರ ಬೆರೆತ ನೀರು ಕಾಲಿನ ಗೀರಿನೊಳಗೆ ಹೋದರೆ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ. ಮೀನಖಂಡದಲ್ಲಿ ಒತ್ತಿದರೆ ನೋವು, ಕೆಂಪು ಕಣ್ಣು, ಕಡಿಮೆಯಾದ ಅಥವಾ ಕಂದು ಮೂತ್ರ ಕಂಡರೆ ಪ್ಯಾರಸಿಟಮಾಲ್ ನುಂಗಿ ಕೆಲಸಕ್ಕೆ ಬರುವ ಪ್ರಶ್ನೆಯೇ ಇಲ್ಲ, ಅದೇ ದಿನ ಆಸ್ಪತ್ರೆ. ತಡವಾದರೆ ಕಿಡ್ನಿ, ಲಿವರ್ ಎರಡೂ ಹೋಗಬಹುದು. ಅಪಾಯದ ಕೆಲಸದವರಿಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ 200 ಮಿ.ಗ್ರಾಂ ಡಾಕ್ಸಿಸೈಕ್ಲಿನ್ (100ರ ಎರಡು) ಕೊಡುವ ಕ್ರಮ ಕೇರಳದ ಆರೋಗ್ಯ ಇಲಾಖೆಯಲ್ಲಿದೆ. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅವರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಿ. ಊಟದ ನಂತರ, ದೊಡ್ಡ ಲೋಟ ನೀರಿನ ಜೊತೆ. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಮಾತ್ರೆ ಅನ್ನನಾಳದಲ್ಲೇ ನಿಂತು ಹುಣ್ಣು ಮಾಡುತ್ತದೆ. ಗರ್ಭಿಣಿಯರಿಗೆ ಇದು ಸಲ್ಲ. ಮಾತ್ರೆ ತಿಂದೆನೆಂದು ಗಂಬೂಟು ಬಿಚ್ಚಬಾರದು.

ಬ್ರುಸೆಲ್ಲಾ ಮೋಸದ ಜ್ವರ. ಸಂಜೆ ಏರುತ್ತದೆ, ಬೆಳಿಗ್ಗೆ ಇಳಿಯುತ್ತದೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಸೊಂಟ ನೋವು, ವಾರಗಟ್ಟಲೆ ಎಳೆಯುತ್ತದೆ. ಟೈಫಾಯಿಡ್ ಎಂದೋ ಕ್ಷಯ ಎಂದೋ ಔಷಧಿ ನಡೆಯುತ್ತಿರುತ್ತದೆ. ಎರಡು ವಾರ ದಾಟಿದ ಜ್ವರಕ್ಕೆ 'ಬ್ರುಸೆಲ್ಲಾ ಪರೀಕ್ಷೆ ಮಾಡಬಹುದೇ' ಎಂದು ನೀವೇ ಕೇಳಿ. ಚಿಕಿತ್ಸೆ ಆರು ವಾರ. ಒಂದು ವಾರಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಿದರೆ ಮತ್ತೆ ಬರುತ್ತದೆ. ಕ್ಯೂ ಜ್ವರ ಗಾಳಿಯಲ್ಲೇ ಬರುವಂಥದ್ದು. ಇವೆರಡರ ಸೂಕ್ಷ್ಮಾಣುಗಳೂ ಗಬ್ಬದ ಪ್ರಾಣಿಯ ಗರ್ಭಕೋಶ, ಮಾಸು, ಕೆಚ್ಚಲುಗಳಲ್ಲಿ ಹೆಚ್ಚು. ಆದ್ದರಿಂದ ಗರ್ಭಕೋಶವನ್ನಾಗಲಿ ಕೆಚ್ಚಲನ್ನಾಗಲಿ ಸೀಳದೆ ಇಡಿಯಾಗಿ ತೆಗೆದು ಬೇರೆ ಡಬ್ಬಿಗೆ ಹಾಕಿ. ಆ ಹೊತ್ತಿಗೆ ಎನ್95 ಮಾಸ್ಕು, ರಬ್ಬರ್ ಕೈಗವಸು. ಬೋಟಿ ತೊಳೆಯಲು ಬರುವ ಹೆಂಗಸರಲ್ಲಿ ಗರ್ಭಿಣಿಯರಿದ್ದರೆ ಬೇರೆ ಕೆಲಸ ಕೊಡಿ. ಹೃದಯದ ಕವಾಟದ ತೊಂದರೆ ಇದ್ದವರನ್ನೂ ಈ ಕೆಲಸಕ್ಕೆ ಹಾಕಬೇಡಿ, ಕ್ಯೂ ಜ್ವರ ಅಲ್ಲಿ ಹೋಗಿ ಕೂರುತ್ತದೆ.

ಆಡಿನ ಬಾಯಿಹುಣ್ಣು ಮುಟ್ಟಿದ ಬೆರಳಿಗೆ ನೀರ್ಗುಳ್ಳೆ ಬಂದರೆ ಹೆಚ್ಚಾಗಿ ಅದು ಓರ್ಫ್, ಆಡು ಕುರಿಗಳಿಂದ ಅಂಟುವ ವೈರಸ್ ಸೋಂಕು. ಮೂರರಿಂದ ಆರು ವಾರದಲ್ಲಿ ತಾನೇ ಹೋಗುತ್ತದೆ, ಕೊಯ್ಯಿಸಬೇಡಿ. ನೋವಿಲ್ಲದ ಹುಣ್ಣಿನ ನಡುವೆ ಕಪ್ಪು ಹಕ್ಕಳೆ ಕಟ್ಟಿದರೆ ಅದು ಬೇರೆ, ಆಂಥ್ರಾಕ್ಸ್ ಇರಬಹುದು, ಕೂಡಲೇ ಆಸ್ಪತ್ರೆ. ಇದ್ದಕ್ಕಿದ್ದಂತೆ ಸತ್ತು, ಮೂಗು ಗುದಗಳಿಂದ ಹೆಪ್ಪುಗಟ್ಟದ ರಕ್ತ ಬರುವ ದನಕ್ಕೆ ಚೂರಿ ಮುಟ್ಟಿಸಲೇಬಾರದು. ನಾಯಿ ಕಚ್ಚಿದ ಪ್ರಾಣಿಗೂ ಹಾಗೆಯೇ. ಅದರ ಜೊಲ್ಲು ಗಾಯಕ್ಕೆ ತಾಗಿದರೆ ಸಾಬೂನು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ರೇಬಿಸ್ ಲಸಿಕೆ.

ಕೊಯ್ದುಕೊಂಡರೆ

ಶುದ್ಧ ಬಟ್ಟೆ ಒತ್ತಿ ಹಿಡಿದು ಹತ್ತು ನಿಮಿಷ ತೆಗೆದು ನೋಡಬಾರದು. ನಡುವೆ ನೋಡಿದರೆ ಕಟ್ಟುತ್ತಿದ್ದ ಹೆಪ್ಪು ಕಿತ್ತುಬರುತ್ತದೆ. ಅರಸಿನ, ಕಾಫಿಪುಡಿ ತುಂಬಿದರೆ ಹೊಲಿಗೆ ಹಾಕುವವರಿಗೆ ಅದನ್ನು ತೆಗೆಯುವುದೇ ಕೆಲಸ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಗಾಯದಿಂದ 5–7 ಸೆಂ.ಮೀ. ಮೇಲೆ ಅಗಲದ ಪಟ್ಟಿ ಬಿಗಿದು, ಬಿಗಿದ ಹೊತ್ತನ್ನು ಅದರ ಮೇಲೆಯೇ ಬರೆಯಿರಿ. ಆಸ್ಪತ್ರೆಯವರೆಗೆ ಸಡಿಲಿಸಬೇಡಿ. 108 ಕರೆಯಿರಿ.

ಬೆರಳು ತುಂಡಾದರೆ ತುಂಡನ್ನು ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಿ. ಐಸಿಗೆ ನೇರ ತಾಗಿದ ಬೆರಳು ಸತ್ತುಹೋಗುತ್ತದೆ. ಮಾಂಸದಂಗಡಿಯಲ್ಲಿ ಐಸು ಇದ್ದೇ ಇರುವುದರಿಂದ ಈ ತಪ್ಪು ಆಗುವುದೂ ಇಲ್ಲೇ ಹೆಚ್ಚು. ಜೋಡಿಸುವ ಶಸ್ತ್ರಚಿಕಿತ್ಸೆ ಇರುವಲ್ಲಿಗೇ, ಹೆಚ್ಚಾಗಿ ಮಂಗಳೂರಿಗೆ, ಮೊದಲೇ ಫೋನು ಮಾಡಿಕೊಂಡು ಹೋಗಿ. ಧನುರ್ವಾಯು ತಡೆಯುವ ಟಿಟಿ (ಈಗ ಟಿಡಿ) ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ. ಕೊಳಕು ಗಾಯವಾದಾಗ ಕೊನೆಯದಾಗಿ ಹಾಕಿಸಿ ಐದು ವರ್ಷ ದಾಟಿದ್ದರೆ ಮತ್ತೊಂದು. ಹಾಕಿಸಿದ ತಾರೀಕನ್ನು ಅಂಗಡಿಯ ಗೋಡೆಯಲ್ಲಿ ಬರೆದಿಟ್ಟರೆ ಹುಡುಕುವುದು ತಪ್ಪುತ್ತದೆ.

ಸೆಕೆಯ ದಿನಗಳು

ಬಕ್ರೀದ್ ವರ್ಷಕ್ಕೆ 10–11 ದಿನ ಹಿಂದಕ್ಕೆ ಸರಿಯುತ್ತ ಈಗ ಮೇ ತಿಂಗಳ ಬೇಗೆಗೆ ಬಂದಿದೆ. ಗಂಬೂಟು, ಏಪ್ರನ್ ಹಾಕಿ ನಿಂತವನು 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು, ಬಾಯಾರಿಕೆಗೆ ಕಾಯಬಾರದು. ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿತಿಳಿ ಇದಕ್ಕೆ ಹೇಳಿಮಾಡಿಸಿದ್ದು. ರಂಜಾನಿನಲ್ಲಿ ಉಪವಾಸವಿದ್ದವರಿಗೆ ಕಡಿಯುವ ಕೆಲಸ ಬೆಳಗ್ಗೆಯೇ ಮುಗಿಯಲಿ. ಸಂಜೆ ಗಿರಾಕಿ ನುಗ್ಗುವ ಹೊತ್ತು, ಹೊಟ್ಟೆ ಖಾಲಿಯಾಗಿ ಕೈ ನಡುಗುವ ಹೊತ್ತು ಎರಡೂ ಒಂದೇ.

ನಿದ್ದೆಯ ವಿಷಯ

'ಕಟುಕ' ಎನ್ನುವುದು ನಮ್ಮ ಭಾಷೆಯಲ್ಲಿ ಕಸುಬಿನ ಹೆಸರಿಗಿಂತ ಬೈಗುಳವಾಗಿಯೇ ಹೆಚ್ಚು ಓಡಾಡುತ್ತದೆ. ಮಾಂಸ ಬೇಕು, ಕಡಿದವನ ಜೊತೆ ಕೂರುವುದು ಬೇಡ ಎಂಬ ಊರಿನಲ್ಲಿ ಅವನು ತನ್ನ ಮನಸ್ಸಿನ ಮಾತನ್ನು ಯಾರಲ್ಲೂ ಆಡುವುದಿಲ್ಲ. ದಿನವಿಡೀ ಕೊಲ್ಲುವ ಕೆಲಸದಲ್ಲಿರುವವರಿಗೆ ಕೆಟ್ಟ ಕನಸು, ಸಿಡಿಮಿಡಿ, ಏನೂ ಅನಿಸದ ಮರಗಟ್ಟುವಿಕೆ, ಕುಡಿತ ಹೆಚ್ಚುವುದನ್ನು ಹಲವು ದೇಶಗಳ ಸಂಶೋಧನೆಗಳು ಕಂಡಿವೆ. ಎಲ್ಲರಿಗೂ ಹೀಗಾಗುತ್ತದೆಂದಲ್ಲ. ಆದವನನ್ನು ಗುರುತಿಸುವುದು ಹೇಗೆ ಎನ್ನುವುದೇ ಪ್ರಶ್ನೆ.

'ಬೇಜಾರು ಇದೆಯಾ' ಎಂದು ಕೇಳಿದರೆ 'ಇಲ್ಲ' ಎನ್ನುತ್ತಾನೆ. 'ನಿದ್ದೆ ಹೇಗಿದೆ ಅಣ್ಣ, ರಾತ್ರಿ ಎಷ್ಟು ಸಲ ಏಳುತ್ತೀರಿ' ಎಂದು ಕೇಳಿ. ಪ್ರಾಣಿಯನ್ನು ಹಿಡಿಯುವಾಗ ಬೇಕಾದ್ದಕ್ಕಿಂತ ಹೆಚ್ಚು ಒರಟಾದವನನ್ನು, ಬೆಳಿಗ್ಗೆಯೇ ಒಂದು ಪೆಗ್ ಹಾಕದೆ ಕೈ ಓಡದವನನ್ನು ಗಮನಿಸಿ. ಬೈದರೆ ಅಡಗಿ ಕುಡಿಯುತ್ತಾನೆ. ದಿನವೂ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ಅದಕ್ಕೆ ಡಾಕ್ಟರ ನಿಗಾ ಬೇಕು. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಸಹಾಯವಾಣಿ 14405. ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416, ದಿನದ 24 ಗಂಟೆ, ಉಚಿತ. ಕನ್ನಡವೂ ಇದೆ, ಮಲಯಾಳ, ಬಂಗಾಳಿ, ಅಸ್ಸಾಮಿಯೂ ಇದೆ. ಬದುಕು ಸಾಕೆಂಬ ಮಾತು ಬಾಯಿಂದ ಬಂದರೆ ಅಂದು ಅವನನ್ನು ಒಂಟಿ ಬಿಡಬೇಡಿ, ಚೂರಿಯ ಕೆಲಸವನ್ನೂ ಕೊಡಬೇಡಿ.

ಕೊಲ್ಲುವ ಕೆಲಸವನ್ನು ಒಬ್ಬನ ತಲೆಗೇ ಕಟ್ಟದೆ ದಿನ ಬಿಟ್ಟು ದಿನ ಹಂಚಿ. ಹೊಸಬನಿಗೆ ಮೊದಲ ತಿಂಗಳು ಅದು ಬೇಡವೇ ಬೇಡ; 'ಹೆದರಿಕೆ ಹೋಗಲಿ' ಎಂದು ಮೊದಲ ದಿನವೇ ಚೂರಿ ಕೈಗಿಡುವ ಪದ್ಧತಿ ಕೆಟ್ಟದ್ದು. ಕೋಳಿಗಿಷ್ಟು, ಆಡಿಗಿಷ್ಟು ಎಂಬ ಲೆಕ್ಕದ ಕೂಲಿ ಅವಸರವನ್ನು ದುಡ್ಡು ಕೊಟ್ಟು ಕೊಂಡಂತೆ, ದಿನಗೂಲಿಯೇ ಒಳ್ಳೆಯದು. ಚೂರಿಯ ಮಾತು ಇಲ್ಲಿಗೂ ಬರುತ್ತದೆ: ಒಂದೇ ಎಳೆತಕ್ಕೆ ಮುಗಿಯದ ಕೊಯ್ತ ಪ್ರಾಣಿಯ ನರಳಾಟವನ್ನು ಉದ್ದ ಮಾಡುತ್ತದೆ, ಆ ದೃಶ್ಯ ಕಣ್ಣಿಗೆ ಕಟ್ಟುವುದು ಕೊಯ್ದವನಿಗೆ. ಒಂದು ಪ್ರಾಣಿಯ ಎದುರು ಇನ್ನೊಂದನ್ನು ಕೊಯ್ಯಬೇಡಿ. ಬೆದರಿದ ಕೋಣ ಒದೆಯುತ್ತದೆ. ಕೆಲಸ ಮುಗಿದ ಮೇಲೆ ಅಲ್ಲೇ ಮಿಂದು ಬಟ್ಟೆ ಬದಲಾಯಿಸುವ ಜಾಗ ಕೊಡಿ. ರಕ್ತದ ಬಟ್ಟೆ ಮನೆಗೆ ಹೋಗದಿದ್ದರೆ ಸೋಂಕೂ ಹೋಗುವುದಿಲ್ಲ, ಕೆಲಸವೂ ಅವನ ಹಿಂದೆ ಹೋಗುವುದಿಲ್ಲ.

2001ರ ಕೇಂದ್ರ ಕಸಾಯಿಖಾನೆ ನಿಯಮಗಳ ಪ್ರಕಾರ 18 ತುಂಬದವರಿಗೆ ಅಲ್ಲಿ ಯಾವ ಕೆಲಸವನ್ನೂ ಕೊಡುವಂತಿಲ್ಲ. ಹಬ್ಬದ ದಿನ 'ಸ್ವಲ್ಪ ಸಹಾಯಕ್ಕೆ' ಬರುವ ಯಜಮಾನನ ಮಗನೂ ಅದರಲ್ಲಿ ಸೇರಿದ.

ಕಾಗದಪತ್ರ

ಪ್ರಧಾನಮಂತ್ರಿ ಸುರಕ್ಷಾ ಬಿಮಾ: 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ, ಬ್ಯಾಂಕಿನಲ್ಲಿ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈ ಪೂರ್ತಿ ನಿರುಪಯೋಗವಾದರೆ 1 ಲಕ್ಷ. ಒಂದು ಬೆರಳು ಹೋದರೆ ಏನೂ ಸಿಗದು, ನಮ್ಮ ಕೆಲಸದಲ್ಲಿ ಹೋಗುವುದೋ ಬೆರಳೇ. ನೌಕರ ಪರಿಹಾರ ಕಾನೂನಿನ ಪಟ್ಟಿಯಲ್ಲಿ ಬೆರಳಿಗೂ ಲೆಕ್ಕವಿದೆ: ಹೆಬ್ಬೆರಳಿಗೆ 30 ಶೇಕಡಾ, ತೋರುಬೆರಳು ಪೂರ್ತಿ ಹೋದರೆ 14 ಶೇಕಡಾ ದುಡಿಮೆಯ ನಷ್ಟ. ಅದನ್ನು ಕೇಳಲು ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಕೂಲಿಯನ್ನು ಖಾತೆಗೆ ಹಾಕುವುದು, ಹಾಜರಿ ಪುಸ್ತಕ ಇಡುವುದು ಇದಕ್ಕೇ. ಹೊರರಾಜ್ಯದವರಿಗೆ ಕೇರಳ ಸರಕಾರದ ಆವಾಸ್ ವಿಮೆ ಇದೆ, ಕಾರ್ಮಿಕ ಕಚೇರಿಯಲ್ಲಿ ವಿಚಾರಿಸಿ.

ಇನ್ನೊಂದು, ಗಡಿಯವರಿಗೆ ಮಾತ್ರ. ಹೊಸಂಗಡಿಯಲ್ಲಿ ಕಾನೂನುಬದ್ಧವಾದ ದನದ ಮಾಂಸಕ್ಕೆ ತಲಪಾಡಿ ದಾಟಿದ ಮೇಲೆ ಕರ್ನಾಟಕದ 2020ರ ಜಾನುವಾರು ಕಾಯ್ದೆ. ಅಲ್ಲಿ 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆ ಅಪರಾಧ, ಶಿಕ್ಷೆ 3ರಿಂದ 7 ವರ್ಷ. 'ಹೀಗೆ ಹೋಗಿ ಕೊಟ್ಟು ಬಾ' ಎಂದು ಕೆಲಸದ ಹುಡುಗನ ಬೈಕಿಗೆ ಮಾಂಸದ ಚೀಲ ಕಟ್ಟಿ ಕಳಿಸಬೇಡಿ. ಸಿಕ್ಕಿಬಿದ್ದರೆ ಠಾಣೆಯಲ್ಲಿ ಕೂರುವುದು ಅವನು.